ಹೆಬ್ಬಾತು ಸಾಕಿರಿ, ಅದರ ಮೇಲೆ ಸಾಲ ತೆಗೆಯಬೇಡಿರಿ



"ಅಣ್ಣಾ, ಕೋಳಿ ಶೆಡ್ಡಿನಾಗ ಕೈ ಸುಟ್ಟುಕೊಂಡ್ವಿ, ಈಗ ದೊಡ್ಡ ಬದಕ ಸಾಕಿದರ ಹ್ಯಾಂಗ?" ಎಂದು ಬೆಳಗಾವಿ ಪೇಟೆಯಲ್ಲಿ, ಖಾನಾಪುರದ ಕಡೆಯ ಸಂತೆಗಳಲ್ಲಿ ನನ್ನನ್ನು ಕೇಳುವವರಿದ್ದಾರೆ. ಕೇಳುವುದು ತಪ್ಪಲ್ಲ. ಆದರೆ ಆ ಪ್ರಶ್ನೆಯ ಬೆನ್ನಿಗೇ ಎರಡನೆಯ ಪ್ರಶ್ನೆ ಬರುತ್ತದೆ: "ಬ್ಯಾಂಕಿನವರು ಇದಕ್ಕ ಎಷ್ಟು ಕೊಡ್ತಾರ?" ಈ ಎರಡನೆಯ ಪ್ರಶ್ನೆಯ ಸಲುವಾಗಿಯೇ ಇಷ್ಟು ಬರೆಯಬೇಕಾಯಿತು.

ನನ್ನ ಮಾತು ಇಷ್ಟೇ. ಹಿತ್ತಲು, ಹುಲ್ಲು, ನೀರು ಮೂರೂ ಇದ್ದ ರೈತ ನಾಲ್ಕು ಹೆಬ್ಬಾತು ಅವಶ್ಯ ಸಾಕಲಿ. ಆದರೆ ಅದರ ಸಲುವಾಗಿ ಹೊಲದ ಉತಾರಿಯ ಮೇಲೆ ಬೋಜಾ ಏರಿಸಬಾರದು. ಯಾಕೆ ಏರಿಸಬಾರದು ಎಂಬುದು ಆ ಹಕ್ಕಿಯ ಗುಣ ತಿಳಿದರೆ ಸಾಕು, ಗೊತ್ತಾಗುತ್ತದೆ.

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ನಮ್ಮ ಕಡೆ ಮರಾಠಿಯ ಬಳಕೆಯಿಂದ ಬಾತುಕೋಳಿಗೂ ಬದಕ, ಹೆಬ್ಬಾತಿಗೂ ಬದಕ. ಪೇಟೆಯ ಮಂದಿ ಬಿಳಿ ಹೆಬ್ಬಾತು ಕಂಡರೆ ಹಂಸ ಎನ್ನುತ್ತಾರೆ. ಇವು ಬೇರೆ ಬೇರೆ. ಬಾತುಕೋಳಿ ಕೆಸರಿನಲ್ಲಿ ಹುಳ, ಬಸವನಹುಳು ಹುಡುಕಿ ತಿನ್ನುವ ಜಾತಿ. ಹೆಬ್ಬಾತು ಉದ್ದ ಕತ್ತಿನ ದೊಡ್ಡ ಹಕ್ಕಿ, ದನದ ಹಾಗೆ ಹುಲ್ಲು ಮೇಯುತ್ತದೆ. ಜಗತ್ತಿನ ಸಾಕು ಹೆಬ್ಬಾತುಗಳೆಲ್ಲ ಎರಡು ಕಾಡು ಜಾತಿಗಳಿಂದ ಬಂದಿವೆ. ಒಂದು ಯುರೋಪ್ ಕಡೆಯ ಬೂದು ಹೆಬ್ಬಾತು, ಇನ್ನೊಂದು ಚೀನಾ, ಮಂಗೋಲಿಯಾ ಕಡೆಯದು. ಕೊಕ್ಕಿನ ಬುಡದಲ್ಲಿ ಹಣೆಗೆ ತಾಗಿ ಗಂಟು ಇದ್ದರೆ ಅದು ಚೀನಾ ಬಳಿಯದು ಎಂದು ತಿಳಿಯಿರಿ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 2024ರಲ್ಲಿ ಆ ಕೆರೆಗೆ ರಾಮ್‌ಸಾರ್ ಮನ್ನಣೆ ಸಿಕ್ಕಿತು. ಅವು ಕಾಡುಹಕ್ಕಿ. ಅವನ್ನು ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಸಾಕುವ ಮಾತು ಅವಕ್ಕೆ ಸಂಬಂಧಿಸಿದ್ದಲ್ಲ.

ಈಗ ಸಾಕು ಹೆಬ್ಬಾತಿನ ಗುಣ. ಇದು ಒಂಟಿಯಾಗಿ ಬದುಕುವ ಪ್ರಾಣಿಯಲ್ಲ. ಒಂದನ್ನೇ ತಂದು ಕಟ್ಟಿದರೆ ಹಗಲೂ ರಾತ್ರಿ ಕೂಗಿ ಸೊರಗುತ್ತದೆ. ಒಂದು ಗಂಡು, ಎರಡು ಮೂರು ಹೆಣ್ಣು ಕೂಡಿದರೆ ಅದೇ ಒಂದು ಮನೆತನ. ಗಂಡು ಮುಂದೆ ನಿಂತು ಕತ್ತು ನೆಲಕ್ಕೆ ಚಾಚಿ ಬುಸುಗುಟ್ಟುತ್ತದೆ, ಬಂದವರನ್ನು ಅಟ್ಟಿಸಿಕೊಂಡು ಹೋಗುತ್ತದೆ. ಆಮೇಲೆ ತಿರುಗಿ ಬಂದು ಹೆಣ್ಣುಗಳ ಜೊತೆ ಕತ್ತು ಚಾಚಿ ದೊಡ್ಡ ದನಿಯಲ್ಲಿ ಕೂಗುತ್ತದೆ. ನಮ್ಮ ಹುಡುಗರು ಕುಸ್ತಿ ಗೆದ್ದು ಊರೊಳಗೆ ಬಂದಂತೆ! ಆಸ್ಟ್ರಿಯಾದ ಕೊನ್ರಾಡ್ ಲೊರೆಂಟ್ಸ್ ಎಂಬ ವಿಜ್ಞಾನಿ ಬೂದು ಹೆಬ್ಬಾತುಗಳ ಇಂಥ ನಡತೆಯನ್ನೇ ವರ್ಷಗಟ್ಟಲೆ ನೋಡಿ ಬರೆದ. ಮೊಟ್ಟೆಯೊಡೆದು ಬಂದ ಮರಿ ಮೊದಲು ಯಾವ ಚಲಿಸುವ ಜೀವವನ್ನು ಕಾಣುತ್ತದೋ ಅದನ್ನೇ ತಾಯಿ ಎಂದು ಹಿಂಬಾಲಿಸುತ್ತದೆ ಎಂದು ತೋರಿಸಿದ. ಪ್ರಾಣಿಗಳ ನಡತೆಯ ಅಭ್ಯಾಸಕ್ಕಾಗಿ 1973ರಲ್ಲಿ ಅವನಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ನಮಗೆ ಇದರಿಂದ ಏನು ಉಪಯೋಗ? ಮರಿ ಒಡೆದ ದಿನದಿಂದ ಮನೆಯ ಹೆಣ್ಣುಮಕ್ಕಳು ಕೈಯಿಂದ ಸಾಕಿದರೆ ಅವು ಅವರ ಹಿಂದೆಯೇ ಮೇಯಲು ಹೋಗಿ ಹಿಂದೆಯೇ ಮನೆಗೆ ಬರುತ್ತವೆ. ಕಾಯಲು ಆಳು ಬೇಡ.

ಮನೆ ಕಾಯುವುದರಲ್ಲಂತೂ ನಾಯಿಗೆ ಕಡಿಮೆ ಇಲ್ಲ. ಕ್ರಿ.ಪೂ. 390ರ ಸುಮಾರಿಗೆ ವೈರಿಗಳು ರೋಮ್ ನಗರದ ಕೋಟೆಯನ್ನು ರಾತ್ರಿ ಹತ್ತುವಾಗ ಹೆಬ್ಬಾತುಗಳೇ ಕೂಗಿ ಕಾವಲಿನವರನ್ನು ಎಬ್ಬಿಸಿದವು ಎಂಬ ಕಥೆ ಅಲ್ಲಿ ಇಂದಿಗೂ ಹೇಳುತ್ತಾರೆ. ಆದರೆ ಖಾನಾಪುರದ ಕಾಡಂಚಿನ ರೈತರೇ, ಅದು ಕೂಗೀತು, ಚಿರತೆಯನ್ನು ತಡೆಯಲಾರದು. ಜಂಬೋಟಿ, ಕಣಕುಂಬಿ, ಲೋಂಡಾ ಕಡೆಯವರು ರಾತ್ರಿ ಗಟ್ಟಿ ಬಾಗಿಲಿನ ಗೂಡಿನಲ್ಲಿ ಕೂಡಿಹಾಕಲೇಬೇಕು.

ಇನ್ನು ಸಂತಾನದ ಲೆಕ್ಕ. ಇಲ್ಲಿಯೇ ನಮ್ಮ ವಿಷಯದ ಜೀವ ಇದೆ. ಪಂಜರದ ಕೋಳಿ ವರ್ಷಕ್ಕೆ 300 ಮೊಟ್ಟೆ ಇಡುತ್ತದೆ. ಹೆಬ್ಬಾತು ವರ್ಷವೆಲ್ಲ ಇಡುವುದಿಲ್ಲ, ಅದಕ್ಕೊಂದು ಕಾಲ ಇದೆ. ನಮ್ಮ ಹಿತ್ತಲಿನವು ದೀಪಾವಳಿ ಕಳೆದ ಮೇಲೆ ಶುರುಮಾಡುತ್ತವೆ. ತಳಿ ನೋಡಿ ವರ್ಷಕ್ಕೆ 20ರಿಂದ 50 ಮೊಟ್ಟೆ. ಮೊದಲ ವರ್ಷದ ಮೊಟ್ಟೆ ಸಣ್ಣವು, ಅದರಲ್ಲಿ ಬರಡು ಹೆಚ್ಚು. ಗಂಡಾಗಲಿ ಹೆಣ್ಣಾಗಲಿ ಎರಡು ವರ್ಷ ತುಂಬಿದ ಮೇಲೆಯೇ ಸರಿಯಾದ ಸಂತಾನ. ಕಾವು 28ರಿಂದ 31 ದಿನ. ಒಂದು ಹೆಣ್ಣಿನ ಕೆಳಗೆ 10ಕ್ಕಿಂತ ಹೆಚ್ಚು ಮೊಟ್ಟೆ ಇಡಬೇಡಿ. ಜೋಡಿಯನ್ನು ಮೊಟ್ಟೆಯ ಕಾಲಕ್ಕೆ ಎರಡು ಮೂರು ತಿಂಗಳು ಮೊದಲೇ ಕೂಡಿಸಬೇಕು. ನಡುವೆ ಗಂಡು ಬದಲಿಸಿದರೆ ಹೆಣ್ಣು ಅದನ್ನು ಲಗೂನ ಒಪ್ಪುವುದಿಲ್ಲ, ಆ ವರ್ಷ ಹೋದಂತೆಯೇ. ಒಳ್ಳೆಯ ಮಾತೆಂದರೆ, ಒಂದು ಸಲ ಕುದುರಿದ ಹೆಣ್ಣು ಎಂಟು ಹತ್ತು ವರ್ಷ ಮೊಟ್ಟೆ ಇಡುತ್ತದೆ.

ಈಗ ಪಾಟಿ ಹಿಡಿದು ಕೂಡಿಸಿ. ಮೂರು ಹೆಣ್ಣು, ಒಂದೊಂದರ ಕೆಳಗೆ 10, ಒಟ್ಟು 30 ಮೊಟ್ಟೆ. ಬರಡು ಹೋಗಿ 20 ಮರಿ ಒಡೆದಾವು. ಮುಂಗಸಿ, ನಾಯಿ, ಹದ್ದು, ಚಳಿ ಇವಕ್ಕೆಲ್ಲ ಪಾಲು ಕೊಟ್ಟು 15 ಉಳಿದಾವು ಎಂದು ಹಿಡಿಯಿರಿ. ವರ್ಷಕ್ಕೆ 15 ಹಕ್ಕಿ, ಅದೂ ಒಮ್ಮೆಲೇ ಒಂದು ಕಾಲದಲ್ಲಿ. ಕೈಯಿಂದ ರೊಕ್ಕ ಹಾಕದ ರೈತನಿಗೆ ಇದು ಒಳ್ಳೆಯ ಗಳಿಕೆ. ಮೇವು ಹುಲ್ಲು, ಸಂಜೆ ಮನೆಗೆ ಕರೆಯಲಿಕ್ಕೆ ಒಂದು ಬೊಗಸೆ ನುಚ್ಚು, ಗೂಡಿಗೆ ಬಿದಿರು, ಹಾಸಲು ಭತ್ತದ ಹುಲ್ಲು. ಎಲ್ಲ ಮನೆಯದೇ.

ಇದನ್ನೇ ಸಾಲದ ಮೇಲೆ ಮಾಡಿದರೆ? ಒಂದು ಲಕ್ಷ ರೂಪಾಯಿ, ನೂರಕ್ಕೆ 12ರ ಬಡ್ಡಿ ಎಂದು ಹಿಡಿಯಿರಿ. ತಿಂಗಳಿಗೆ ಸಾವಿರ ಬಡ್ಡಿ. ಮರಿ ತಂದು, ಬೆಳೆಸಿ, ಎರಡು ವರ್ಷ ತುಂಬಿ, ಅದರ ಸರಿಯಾದ ಮೊಟ್ಟೆ ಕೈಗೆ ಬರುವ ಹೊತ್ತಿಗೆ ಬಡ್ಡಿಯೇ 24,000 ಆಗಿರುತ್ತದೆ. ಅಸಲು ಹಾಗೆಯೇ ನಿಂತಿರುತ್ತದೆ. ಹಕ್ಕಿ ಕಾವು ಕೂಡುವುದು ವರ್ಷಕ್ಕೊಮ್ಮೆ, ಕಂತು ಬರುವುದು ತಿಂಗಳಿಗೊಮ್ಮೆ. ಇವೆರಡಕ್ಕೂ ಕೂಡುವುದು ಹ್ಯಾಂಗ? ಸಾಲ ಕೊಡುವ ಅಧಿಕಾರಿಗೆ ಇದು ಗೊತ್ತಿರಬೇಕಾಗಿಲ್ಲ, ತೀರಿಸುವ ನಮಗಾದರೂ ಗೊತ್ತಿರಬೇಕು.

ಹಕ್ಕಿ ತೋರಿಸಿ ರೈತನನ್ನು ಮುಳುಗಿಸಿದ್ದು ಹೊಸದೇನೂ ಅಲ್ಲ. ಈಮು ನೆನಪಿದೆಯೇ? ಆಸ್ಟ್ರೇಲಿಯಾದ ಆಳೆತ್ತರದ ಹಕ್ಕಿ. ಮರಿ ನಾವು ಕೊಡುತ್ತೇವೆ, ಬೆಳೆದ ಹಕ್ಕಿ ನಾವೇ ಕೊಳ್ಳುತ್ತೇವೆ, ಎಣ್ಣೆ, ಮಾಂಸ, ಚರ್ಮ ಎಲ್ಲಕ್ಕೂ ಬೆಲೆ ಎಂದು ಹೇಳಿ ಕಂಪನಿಗಳು ಠೇವಣಿ ಎತ್ತಿದವು. 2012ರಲ್ಲಿ ತಮಿಳುನಾಡಿನ ಪೆರುಂದುರೈಯಲ್ಲಿ ಆ ಬಣ್ಣ ಬಯಲಾಯಿತು. ಕೊಳ್ಳುವ ಪೇಟೆಯೇ ಇರಲಿಲ್ಲ. ಹಿಂದೆ ಬಂದವನ ಠೇವಣಿಯಿಂದ ಮುಂದೆ ಬಂದವನಿಗೆ ಕೊಡುತ್ತಿದ್ದರು. ಮೇವಿಲ್ಲದೆ ಹಕ್ಕಿ ಸತ್ತವು, ರೈತರು ಪೊಲೀಸ್ ಠಾಣೆಯ ಮುಂದೆ ಸಾಲುಗಟ್ಟಿದರು. ಕೂಸು ಹುಟ್ಟುವ ಮೊದಲೇ ಕುಲಾಯಿ ಹೊಲಿಸುವುದೆಂದರೆ ಇದೇ. ನಾಳೆ ಯಾರಾದರೂ ಬಂದು "ಹೆಬ್ಬಾತು ಮರಿ ತಗೋರಿ, ಬೆಳೆದದ್ದನ್ನ ನಾವ ಒಯ್ತೀವಿ" ಎಂದರೆ ಒಂದೇ ಮಾತು ಕೇಳಿರಿ: ಒಯ್ದು ಯಾರಿಗೆ ಮಾರುತ್ತೀರಿ?

ಕೋಳಿಯ ಕರಾರು ಸಾಕಣೆಯದೂ ನಮಗೆ ಗೊತ್ತಿದ್ದದ್ದೇ. ಮರಿ ಅವರದು, ಮೇವು ಅವರದು, ಔಷಧ ಅವರದು. ಶೆಡ್ಡು ನಮ್ಮದು, ಶೆಡ್ಡಿನ ಸಾಲ ನಮ್ಮದು, ಕರೆಂಟ್ ಬಿಲ್ಲು ನಮ್ಮದು. ನಲವತ್ತು ದಿನ ಮನೆಮಂದಿಯೆಲ್ಲ ದುಡಿದ ಮೇಲೆ ಕಿಲೋಕ್ಕೆ ಇಷ್ಟು ಎಂದು ಸಾಕಿದ ಕೂಲಿ. ಮುಂದಿನ ಮರಿ ಒಂದು ತಿಂಗಳು ತಡವಾಗಿ ಬಂದರೆ ಶೆಡ್ಡು ಖಾಲಿ, ಕಂತು ಮಾತ್ರ ಖಾಲಿ ಬಿಡುವುದಿಲ್ಲ.

ಲಾಭ ಬರುವ ಮೊದಲೇ ವಸೂಲಿಗೆ ನಿಲ್ಲುವುದು ಎಂಥದು ಎಂಬುದನ್ನು ಮಲಪ್ರಭೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಅದೇ ಹೊಳೆಯ ಕಾಲುವೆ ನೀರಿಗೆ ಅಭಿವೃದ್ಧಿ ಕರ ಹಾಕಿದಾಗ, ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಹಾಕಿದಾಗ, 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಏನಾಯಿತೆಂದು ನಾಡಿಗೇ ಗೊತ್ತು. ಸರಕಾರದಿಂದ ಹೇರಿಸಿಕೊಳ್ಳದ ಹೊರೆಯನ್ನು ನಾವೇ ಸಹಿ ಮಾಡಿ ತಲೆ ಮೇಲೆ ಹೊರುವುದು ಯಾಕೆ?

ಹಾಗಾದರೆ ಸಾಕುವುದು ಹೇಗೆ? ನಮ್ಮ ಭಾಗಕ್ಕೆ ಬೇಕಾದ ನಾಲ್ಕು ಮಾತು ಹೇಳುತ್ತೇನೆ.

ಒಂದು, ಜಾಗ. ಹೆಬ್ಬಾತಿಗೆ ಬೇಕಾದದ್ದು ಎಳೆಯ ಹುಲ್ಲು. ಭತ್ತವೂ ಕಬ್ಬೂ ಹುಲ್ಲಿನ ಜಾತಿಯೇ ಎಂಬುದನ್ನು ಮರೆಯಬೇಡಿ. ನಾಟಿ ಮಾಡಿದ ಗದ್ದೆಗೋ ಎಳೆ ಕಬ್ಬಿಗೋ ಬಿಟ್ಟರೆ ಅದು ಕಳೆ ಯಾವುದು, ಬೆಳೆ ಯಾವುದು ಎಂದು ಕೇಳುವುದಿಲ್ಲ. ಗೇರು ತೋಟ, ಮಾವಿನ ತೋಪು, ತೆಂಗಿನ ಬುಡ ಇವೇ ಸರಿಯಾದ ಜಾಗ. ಅಮೆರಿಕದ ರೈತರು ಒಂದು ಕಾಲಕ್ಕೆ ಹತ್ತಿ ಹೊಲದ ಹುಲ್ಲು ತೆಗೆಯಲಿಕ್ಕೆ ಹೆಬ್ಬಾತು ಬಿಡುತ್ತಿದ್ದರು, ಅಗಲ ಎಲೆಯ ಹತ್ತಿಯನ್ನು ಅವು ಬಿಟ್ಟು ಹುಲ್ಲನ್ನಷ್ಟೇ ತಿನ್ನುತ್ತಿದ್ದವು. ಭತ್ತ ಕೊಯ್ದ ಮೇಲೆ ಗದ್ದೆಗೆ ಬಿಟ್ಟರೆ ಉದುರಿದ ಕಾಳು ಆರಿಸಿಕೊಳ್ಳುತ್ತವೆ. ಕಳೆನಾಶಕ ಹೊಡೆದ ಬದುವಿಗೆ ಮಾತ್ರ ಬಿಡಬೇಡಿ. ಒಂದು ಎಕರೆ ಒಳ್ಳೆಯ ಹುಲ್ಲಿಗೆ 20ಕ್ಕಿಂತ ಹೆಚ್ಚು ಬೇಡ.

ಎರಡು, ನೀರು. ಕೆರೆಯೇ ಬೇಕೆಂದಿಲ್ಲ. ಕಣ್ಣು, ಮೂಗು ತೊಳೆದುಕೊಳ್ಳುವಂತೆ ತಲೆ ಮುಳುಗಿಸುವಷ್ಟು ಆಳದ ಬಾನಿ ಸಾಕು. ನೀರು ದಿನಾಲು ಬದಲಿಸಬೇಕು. ಮಳೆಗಾಲದಲ್ಲಿ ಖಾನಾಪುರದ ಪಶ್ಚಿಮ ಭಾಗದಲ್ಲಿ ಗೂಡಿನ ನೆಲ ಒದ್ದೆಯಾಗಿ ಉಳಿದರೆ ಕಾಲು ಹುಣ್ಣಾಗುತ್ತವೆ. ನೆಲ ಎತ್ತರಿಸಿ ಒಣ ಹುಲ್ಲು ಹಾಸಬೇಕು.

ಮೂರು, ಮರಿ. ಮೊದಲ ಮೂರು ನಾಲ್ಕು ವಾರ ಬೆಚ್ಚಗಿರಬೇಕು. ಬರೀ ಕೋಳಿಮರಿಯ ಮೇವು ಹಾಕಿ ಬೆಳೆಸಿದರೆ ಕಾಲು ಬಲ ಇಲ್ಲದೆ ಕೂತುಬಿಡುತ್ತವೆ. ನಿಯಾಸಿನ್ ಎಂಬ ಜೀವಸತ್ವ ಇವಕ್ಕೆ ಕೋಳಿಗಿಂತ ಹೆಚ್ಚು ಬೇಕು. ಪಶುವೈದ್ಯರನ್ನು ಕೇಳಿ ಕೊಡಿ, ಎಳೆ ಹುಲ್ಲು ಎರಡನೆಯ ದಿನದಿಂದಲೇ ತೋರಿಸಿ. ಆರು ವಾರ ದಾಟಿದರೆ ಮುಖ್ಯ ಮೇವು ಹುಲ್ಲೇ.

ನಾಲ್ಕು, ರೋಗ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, 2012ರಲ್ಲಿ ಬೆಂಗಳೂರು ಹತ್ತಿರದ ಹೆಸರಘಟ್ಟದ ಕೇಂದ್ರ ಸರಕಾರದ ಕೋಳಿ ಕೇಂದ್ರದಲ್ಲೇ ಹಕ್ಕಿಜ್ವರ ಕಾಣಿಸಿತು. ನೀರುಹಕ್ಕಿಗಳು ಲಕ್ಷಣ ತೋರದೆಯೂ ಆ ರೋಗ ಒಯ್ಯಬಲ್ಲವು. ಆದ್ದರಿಂದ ಕೋಳಿ ಶೆಡ್ಡಿದ್ದವರು ಅದರ ಪಕ್ಕಕ್ಕೆ ಹೆಬ್ಬಾತು ಕಟ್ಟಬೇಡಿ. ಒಮ್ಮೆಲೇ ನಾಲ್ಕಾರು ಹಕ್ಕಿ ಸತ್ತರೆ ಹೊಳೆಗೆ ಎಸೆಯದೆ ಪಶು ಆಸ್ಪತ್ರೆಗೆ ತಿಳಿಸಿ.

ಮಾರಾಟದ ಮಾತೂ ಹೇಳಿಬಿಡುತ್ತೇನೆ. ಬೆಳಗಾವಿಯಿಂದ ಗೋವೆಗೆ ದಿನಾಲು ತರಕಾರಿ, ಕೋಳಿ ಹೋಗುತ್ತವೆ. ಆದರೆ ಹೆಬ್ಬಾತಿಗೆ ಕೋಳಿಯ ಹಾಗೆ ದಿನದ ದರ ಇಲ್ಲ. ದರ ಇಲ್ಲದ ಮಾಲಿಗೆ ದಲ್ಲಾಳಿ ಹೇಳಿದ್ದೇ ದರ. ಜೋಡಿಗೆ ಇಷ್ಟು ಎಂದು ಕಣ್ಣಳತೆಯಲ್ಲಿ ಮಾರಬೇಡಿ, ತಕ್ಕಡಿಗೆ ಹಾಕಿ. ಕಾವಲಿಗೆಂದು ತೋಟದವರು ಕೇಳುತ್ತಾರೆ, ಸಾಕಲಿಕ್ಕೆಂದು ಬೇರೆ ರೈತರು ಕೇಳುತ್ತಾರೆ. ಆ ಬೇಡಿಕೆ 15 ಹಕ್ಕಿಗೆ ಸಾಕು, ಊರಿಗೆ ಊರೇ ಸಾಕಿದರೆ ಸಾಲದು.

ಸರಕಾರದಿಂದ ನಾವು ಕೇಳಬೇಕಾದದ್ದೂ ಇದೆ. ಹೆಸರಘಟ್ಟದ ಕೇಂದ್ರದಿಂದ ಖಾಕಿ ಕ್ಯಾಂಪ್‌ಬೆಲ್, ವೈಟ್ ಪೆಕಿನ್ ಜಾತಿಯ ಬಾತುಮರಿ ಬಂದಂತೆ, ನಂಬಿಗಸ್ತ ಹೆಬ್ಬಾತು ಮರಿಯೂ ಜಿಲ್ಲೆಯ ರೈತನಿಗೆ ಸಿಗುವಂತೆ ಮಾಡಲಿ. ಆಗ ಮರಿಯ ಹೆಸರಿನಲ್ಲಿ ಮೋಸ ನಡೆಯುವುದಿಲ್ಲ. 2018-19ರ ಬಜೆಟ್ಟಿನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡನ್ನು ಪಶುಸಂಗೋಪನೆಗೂ ವಿಸ್ತರಿಸಿದರು, ಒಳ್ಳೆಯದು. ಆದರೆ ಹಕ್ಕಿಯ ಸಾಲ ಕೊಡುವುದಾದರೆ ಅದರ ಕಂತು ಹಕ್ಕಿಯ ಕಾಲ ನೋಡಿ ಇರಬೇಕು: ಮೊದಲ ಎರಡು ವರ್ಷ ವಸೂಲಿ ಇಲ್ಲ, ಆಮೇಲೆ ಮರಿ ಮಾರಿದ ಮೇಲೆ ವರ್ಷಕ್ಕೊಂದೇ ಕಂತು. ಹೀಗೆ ಬರೆದುಕೊಡುವ ಬ್ಯಾಂಕು ಸಿಗುವವರೆಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ.

ಬೀಡಿ, ಇಟಗಿ, ಪಾರಿಶ್ವಾಡ, ನಂದಗಡ ಕಡೆಯ ರೈತರು ಈ ಸಲ ಸುಗ್ಗಿ ಮುಗಿದ ಮೇಲೆ ಬೇಕಾದರೆ ಒಂದು ಗಂಡು, ಎರಡು ಹೆಣ್ಣು ತಂದು ಶುರುಮಾಡಿರಿ. ಸಣ್ಣ ತೀಕ್ಷ್ಣ ದನಿ ಗಂಡಿನದು, ಒರಟು ತಗ್ಗಿದ ದನಿ ಹೆಣ್ಣಿನದು, ಕೊಳ್ಳುವಾಗ ಅಷ್ಟಾದರೂ ಕಿವಿಗೊಡಿ. ಮೇವು ಎಷ್ಟು, ಮೊಟ್ಟೆ ಎಷ್ಟು, ಉಳಿದ ಮರಿ ಎಷ್ಟು, ಮಾರಿದ್ದು ಕಿಲೋಕ್ಕೆ ಎಷ್ಟು ಎಂದು ಎರಡು ವರ್ಷ ವಹಿಯಲ್ಲಿ ಬರೆದಿಡಿ. ಆ ಲೆಕ್ಕವನ್ನು ನಮ್ಮ ಪತ್ರಿಕೆಗೆ ಕಳಿಸಿರಿ, ಅಚ್ಚು ಹಾಕೋಣ. ಹತ್ತು ಊರಿನ ಹತ್ತು ವಹಿ ಕೂಡಿದರೆ ಹೆಬ್ಬಾತಿನ ದರ ಎಷ್ಟಿರಬೇಕು ಎಂದು ದಲ್ಲಾಳಿಯನ್ನು ಕೇಳುವ ಕೆಲಸ ಇರುವುದಿಲ್ಲ.