ತುಂಬಿದ ಕೊಡಕ್ಕೆ ಇನ್ನಷ್ಟು ಆಕ್ಸಿಜನ್?

‘ವೀಕೆಂಡ್‌ನಲ್ಲಿ ಒಂದು ಗಂಟೆ ಆಕ್ಸಿಜನ್ ಚೇಂಬರ್‌ನಲ್ಲಿ ಮಲಗಿ ಬನ್ನಿ, ಸುಸ್ತು ಹೋಗುತ್ತೆ, ವಯಸ್ಸೂ ಇಳಿಯುತ್ತೆ’ ಅನ್ನೋ ರೀಲ್ ನಿಮ್ಮ ಫೋನಿಗೂ ಬಂದಿರಬಹುದು. ಇದೇ ಹೈಪರ್‌ಬ್ಯಾರಿಕ್ ಆಕ್ಸಿಜನ್ ಥೆರಪಿ. ಗಾಳಿಯ ಒತ್ತಡವನ್ನು ಎರಡು, ಮೂರು ಪಟ್ಟು ಏರಿಸಿದ ಚೇಂಬರಿನಲ್ಲಿ ಶುದ್ಧ ಆಕ್ಸಿಜನ್ ಉಸಿರಾಡೋದು. ಕಾರ್ಬನ್ ಮೊನಾಕ್ಸೈಡ್ ವಿಷವೇರಿದವರಿಗೆ, ಮಧುಮೇಹಿಗಳ ಕಾಲಿನ ವಾಸಿಯಾಗದ ಕೆಲವು ಹುಣ್ಣುಗಳಿಗೆ ಇದು ನಿಜವಾದ ಚಿಕಿತ್ಸೆ.

ಕಾಯಿಲೆಯೇ ಇಲ್ಲದವರಿಗೆ?

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿ ಎಲ್ಲೋ ಬಿದ್ದಿರುತ್ತೆ, ಬೆರಳಿಗೆ ಹಾಕಿ ನೋಡಿ. 97, 98 ತೋರಿಸಿದರೆ ನಿಮ್ಮ ಹಿಮೋಗ್ಲೋಬಿನ್ ಆಗಲೇ ಹೆಚ್ಚುಕಡಿಮೆ ತುಂಬಿದೆ ಅಂತ ಅರ್ಥ. ಹಾಗಾಗಿ ಚೇಂಬರಿನ ಹೆಚ್ಚುವರಿ ಆಕ್ಸಿಜನ್ ರಕ್ತದ ನೀರಿನಂಶದಲ್ಲಿ ಕರಗುತ್ತೆ, ಸೋಡಾ ಬಾಟಲಿಯೊಳಗೆ ಗ್ಯಾಸ್ ಕರಗಿದ ಹಾಗೆ. ಸಾಮಾನ್ಯವಾಗಿ 100 ಮಿ.ಲೀ. ರಕ್ತದಲ್ಲಿ ಹೀಗೆ ಕರಗಿರೋದು 0.3 ಮಿ.ಲೀ.; ಮೂರು ಪಟ್ಟು ಒತ್ತಡದಲ್ಲಿ ಸುಮಾರು 6. ದೊಡ್ಡ ಏರಿಕೆಯೇ. ಆದ್ರೆ ದೇಹವೂ ಸುಮ್ಮನಿರೋದಿಲ್ಲ. ಆಕ್ಸಿಜನ್ ಅತಿಯಾಯ್ತು ಅಂತ ರಕ್ತನಾಳಗಳನ್ನು ಕಿರಿದಾಗಿಸುತ್ತೆ, ಹೃದಯದ ಬಡಿತವನ್ನೂ ತುಸು ಇಳಿಸುತ್ತೆ. ಹೊರಗೆ ಬಂದ ಮೇಲೆ ಆ ಕರಗಿದ ಆಕ್ಸಿಜನ್ ಬಹಳ ಹೊತ್ತು ಉಳಿಯೋದೂ ಇಲ್ಲ.

‘ವಯಸ್ಸು ಇಳಿಯುತ್ತೆ’ ಅನ್ನೋರು ಹೆಚ್ಚಾಗಿ ತೋರಿಸೋದು 2020ರ ಇಸ್ರೇಲಿನ ಅಧ್ಯಯನವನ್ನು. 64 ವರ್ಷ ಮತ್ತು ಮೇಲ್ಪಟ್ಟ 35 ಆರೋಗ್ಯವಂತರಿಗೆ 60 ಸೆಷನ್ ಕೊಟ್ಟರು. ಬಿಳಿರಕ್ತಕಣಗಳ ಟೆಲೊಮಿಯರ್, ಅಂದ್ರೆ ಕ್ರೋಮೊಸೋಮಿನ ತುದಿಯ ಟೋಪಿ, ಶೇ. 20ಕ್ಕೂ ಹೆಚ್ಚು ಉದ್ದವಾಗಿತ್ತಂತೆ. ಕುತೂಹಲದ ಸಂಗತಿ ಹೌದು. ಆದರೆ ಹೋಲಿಸಿ ನೋಡೋಕೆ ಚಿಕಿತ್ಸೆ ಪಡೆಯದವರ ಗುಂಪೇ ಇರಲಿಲ್ಲ! ಅವರ ಆಯಸ್ಸು ಹೆಚ್ಚಿತು ಅಂತಲೂ ಅದು ತೋರಿಸಿಲ್ಲ. ಮೂವತ್ತರ ನಿಮಗೆ ನಾಲ್ಕು ಸೆಷನ್‌ನಲ್ಲಿ ಅದೇ ಫಲ ಅನ್ನೋದು ಬರೀ ಮಾರಾಟದ ಮಾತು. ಬ್ಯಾಗಿನ ಹಾಗೆ ಜಿಪ್ ಎಳೆಯುವ ಮೆತ್ತನೆ ಚೇಂಬರುಗಳಲ್ಲಂತೂ ಒತ್ತಡ ಸುಮಾರು 1.3 ಪಟ್ಟು ಮಾತ್ರ, ಅಧ್ಯಯನದಲ್ಲಿದ್ದದ್ದು 2.

ತೊಂದರೆ? ವಿಮಾನ ಇಳಿಯುವಾಗಿನಂತೆ ಕಿವಿ ನೋವು ಸಾಮಾನ್ಯ. ತುಂಬಾ ಸೆಷನ್ ಆದರೆ ಕೆಲವರಿಗೆ ದೂರದ್ದು ಮಸುಕಾಗುತ್ತೆ, ಅದು ಸಾಮಾನ್ಯವಾಗಿ ತಾತ್ಕಾಲಿಕ. ಅಪರೂಪಕ್ಕೆ ಫಿಟ್ಸ್ ಬರಬಹುದು. ಎಲ್ಲಕ್ಕಿಂತ ನನಗೆ ಭಯ ಬೆಂಕಿಯದ್ದು. 2025ರ ಜನವರಿಯಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಚೇಂಬರಿಗೆ ಬೆಂಕಿ ಹೊತ್ತಿ ಐದು ವರ್ಷದ ಹುಡುಗ ತೀರಿಕೊಂಡ. ಶುದ್ಧ ಆಕ್ಸಿಜನ್ ತುಂಬಿದ ಕಡೆ ಒಂದು ಕಿಡಿ ಸಾಕು.

ಆದರೂ ಹೋಗ್ತೀರಾದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಶ್ವಾಸಕೋಶ ಅಥವಾ ಕಿವಿಯ ಸಮಸ್ಯೆ ಇದ್ದರಂತೂ ತಪ್ಪದೆ. ಅಲ್ಲಿ ಒತ್ತಡ ಎಷ್ಟು, ತರಬೇತಿ ಪಡೆದವರು ಯಾರಿದ್ದಾರೆ ಅಂತ ವಿಚಾರಿಸಿ. ‘ಫೋನ್ ಒಳಗೆ ತಗೊಂಡು ಹೋಗಿ, ಪರವಾಗಿಲ್ಲ’ ಅಂದರೆ ಬಾಗಿಲಿನಿಂದಲೇ ವಾಪಸ್ ಬನ್ನಿ.