ಬೇಸಿಗೆಯ ಬೆಟ್ಟ ಚಿತ್ರದಲ್ಲಿ ಚಪ್ಪಟೆಯೇಕೆ?

ಏಪ್ರಿಲ್ ತಿಂಗಳ ಭಾನುವಾರಗಳಂದು ಬೆಳಿಗ್ಗೆ ಕ್ಯಾತ್ಸಂದ್ರದ ಹೋಟೆಲುಗಳ ಮುಂದೆ ಒಂದು ದೃಶ್ಯ ಕಾಣಸಿಗುತ್ತದೆ. ಬೆನ್ನಿಗೆ ಚೀಲ, ತಲೆಗೆ ಟೋಪಿ, ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ಹುಡುಗರ ಗುಂಪೊಂದು ತಟ್ಟೆ ಇಡ್ಲಿಗಾಗಿ ಕಾಯುತ್ತಿರುತ್ತದೆ. ಇಡ್ಲಿ ಮುಗಿಸಿ, ಸಿದ್ಧಗಂಗೆಯನ್ನು ದಾಟಿ, ನಾಮದ ಚಿಲುಮೆಯ ಕಾಡುದಾರಿ ಹಿಡಿದು, ದೇವರಾಯನದುರ್ಗದ ಬೆಟ್ಟ ಹತ್ತಿ ಬರುವುದು ಅವರ ಯೋಜನೆ. ಬೆಟ್ಟದ ತುದಿ ಮುಟ್ಟುವ ಹೊತ್ತಿಗೆ ಗಂಟೆ ಹನ್ನೊಂದು ದಾಟಿರುತ್ತದೆ. ಯೋಗಾನರಸಿಂಹಸ್ವಾಮಿಗೆ ಕೈಮುಗಿದು, ಬಂಡೆಯ ಮೇಲೆ ನಿಂತು ನಾಲ್ಕೂ ದಿಕ್ಕಿಗೆ ಚಿತ್ರ ತೆಗೆಯುತ್ತಾರೆ. ಸಂಜೆಗೆ ಕಾಲು ನೋವಿನೊಂದಿಗೆ ಮನೆ ಸೇರುತ್ತಾರೆ.

ರಾತ್ರಿ ಚಿತ್ರಗಳನ್ನು ನೋಡುವಾಗ ಮುಖ ಸಪ್ಪಗಾಗುತ್ತದೆ. ಮೇಲೆ ಬಿಳಿಚಿದ ಆಕಾಶ, ಕೆಳಗೆ ಬೂದಿ ಬಳಿದಂಥ ಒಂದು ಗುಡ್ಡೆ. ದಕ್ಷಿಣಕ್ಕೆ ಕಣ್ಣಿಗೆ ಮಸುಕಾಗಿಯಾದರೂ ಕಂಡಿದ್ದ ಶಿವಗಂಗೆ ಚಿತ್ರದಲ್ಲಿ ಇಲ್ಲವೇ ಇಲ್ಲ. 'ಕ್ಯಾಮೆರಾ ಸರಿಯಿಲ್ಲ' ಎಂದು ಒಬ್ಬ, 'ತೆಗೆದವನಿಗೆ ಬರುವುದಿಲ್ಲ' ಎಂದು ಇನ್ನೊಬ್ಬ. ನಿಜಕ್ಕೂ ತಪ್ಪು ಯಾರದು? ಕ್ಯಾಮೆರಾದ್ದಂತೂ ಅಲ್ಲ. ತಪ್ಪಿರುವುದು ಹೊರಟ ಸಮಯದಲ್ಲಿ, ಮತ್ತು ನಡೆದ ದಿಕ್ಕಿನಲ್ಲಿ.

ಮೊದಲು ಬೆಟ್ಟದ ಆಕಾರವನ್ನೇ ತೆಗೆದುಕೊಳ್ಳೋಣ. ಬಂಡೆಯೊಂದು ಉಬ್ಬಿದೆಯೋ ತಗ್ಗಿದೆಯೋ ಎಂಬುದನ್ನು ಚಿತ್ರದಲ್ಲಿ ಹೇಳುವುದು ನೆರಳು. ಗೋಡೆಗೆ ಬಡಿದ ಮೊಳೆಯನ್ನು ಎದುರಿನಿಂದ ಟಾರ್ಚು ಬಿಟ್ಟು ನೋಡಿದರೆ ಅದೊಂದು ಚುಕ್ಕೆ. ಪಕ್ಕದಿಂದ ಬಿಟ್ಟರೆ ಉದ್ದನೆಯ ನೆರಳು ಬಿದ್ದು ಮೊಳೆ ಎದ್ದು ಕಾಣುತ್ತದೆ. ಬೆಟ್ಟಕ್ಕೂ ಇದೇ ನಿಯಮ. ತುಮಕೂರಿನ ಸೀಮೆ ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಗಿಂತ ತುಸು ಮೇಲೆ. ಸೂರ್ಯನು ಉತ್ತರಕ್ಕೆ ಸರಿಯುತ್ತಾ ಏಪ್ರಿಲ್ 25ರ ಸುಮಾರಿಗೆ ಸರಿಯಾಗಿ ಈ ಅಕ್ಷಾಂಶದ ನೆತ್ತಿಯ ಮೇಲೆ ಬರುತ್ತಾನೆ. ಅಂದು ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. 'ಶೂನ್ಯ ನೆರಳಿನ ದಿನ' ಎನ್ನುವುದು ಇದನ್ನೇ. ಆಗಸ್ಟ್ ತಿಂಗಳ ನಡುವೆ ಸೂರ್ಯ ದಕ್ಷಿಣಕ್ಕೆ ಮರಳುವಾಗ ಇನ್ನೊಮ್ಮೆ ಇದು ಸಂಭವಿಸುತ್ತದೆಯಾದರೂ ಆಗ ಮೋಡದ ಕಾಟ. ಅಂದರೆ ಶಾಲೆಗಳಿಗೆ ರಜೆ ಸಿಕ್ಕಿ ಜನ ಬೆಟ್ಟ ಹತ್ತುವ ತಿಂಗಳಲ್ಲೇ ನಡುಹಗಲಿನ ಬೆಟ್ಟಕ್ಕೆ ನೆರಳಿಲ್ಲ! ಇಳಿಜಾರು, ಬಿರುಕು, ಪೊಟರೆ ಎಲ್ಲದರ ಮೇಲೂ ನೆತ್ತಿಯಿಂದ ಒಂದೇ ಸಮನೆ ಬೆಳಕು ಸುರಿಯುತ್ತದೆ. ಬೆಟ್ಟ ಚಪ್ಪಟೆಯಾಗದೆ ಇನ್ನೇನಾದೀತು?

ಎರಡನೆಯ ಕಾರಣ ಗಾಳಿ. ನೋಡುವವನಿಗೂ ದೂರದ ಬೆಟ್ಟಕ್ಕೂ ನಡುವೆ ಇರುವುದು ಬರಿಯ ಬಯಲಲ್ಲ. ಬೆಳಕನ್ನು ಚದುರಿಸುವ ಗಾಳಿಯ ದಪ್ಪ ಪರದೆ. ಗಾಳಿಯ ಅಣುಗಳು ಬೆಳಕಿನ ತರಂಗದೂರಕ್ಕಿಂತ ತೀರ ಚಿಕ್ಕವು. ಅವು ಕಡಿಮೆ ತರಂಗದೂರದ ನೀಲಿಯನ್ನು ಹೆಚ್ಚಾಗಿಯೂ ಕೆಂಪನ್ನು ಕಡಿಮೆಯಾಗಿಯೂ ಚದುರಿಸುತ್ತವೆ ಎಂಬುದನ್ನು ಇಂಗ್ಲೆಂಡಿನ ರ‍್ಯಾಲೆ 1871ರಲ್ಲಿ ತೋರಿಸಿದರು. ತರಂಗದೂರ ಅರ್ಧಕ್ಕಿಳಿದರೆ ಚದುರುವಿಕೆ ಹದಿನಾರು ಪಟ್ಟು ಹೆಚ್ಚುತ್ತದೆ. ಆಕಾಶದ ನೀಲಿಗೂ ದೂರದ ಗುಡ್ಡಗಳ ನೀಲಿಗೂ ಇದೇ ಕಾರಣ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯ ಹಿಂದೆಯೂ ಇದೇ ಭೌತಶಾಸ್ತ್ರವಿದೆ. ನಡುವಿನ ಗಾಳಿ ತನ್ನದೇ ಬೆಳಕನ್ನು ಬೆರೆಸಿ ಬೆಟ್ಟದ ಒರಟನ್ನೆಲ್ಲ ಅಳಿಸಿಬಿಡುತ್ತದೆ.

ಬೇಸಿಗೆಯಲ್ಲಿ ಈ ಪರದೆಗೆ ಧೂಳು, ಹೊಗೆ ಸೇರುತ್ತವೆ. ಇವುಗಳ ಕಣಗಳು ದೊಡ್ಡವು. ಅವು ನೀಲಿ, ಹಸಿರು, ಕೆಂಪು ಎಂಬ ಭೇದವಿಲ್ಲದೆ ಎಲ್ಲ ಬಣ್ಣಗಳನ್ನೂ ಹೆಚ್ಚು ಕಡಿಮೆ ಒಂದೇ ರೀತಿ ಚದುರಿಸುವುದರಿಂದ ನೀಲಿಯ ಬದಲು ಬಿಳಿ ಮಂಕು ಕವಿಯುತ್ತದೆ. ನೆಲ ಕಾದಂತೆ ಬಿಸಿಗಾಳಿ ಮೇಲೇಳುತ್ತಾ ಧೂಳನ್ನೂ ಮೇಲಕ್ಕೆ ಒಯ್ಯುತ್ತದೆ. ದೇವರಾಯನದುರ್ಗದಿಂದ ಶಿವಗಂಗೆಗೆ ನೇರವಾಗಿ ಅಳೆದರೆ ಸುಮಾರು 22 ಕಿಲೋಮೀಟರು. ಅಷ್ಟು ದಪ್ಪದ ಮಂಕನ್ನು ತೂರಿ ಬರಬೇಕಾದ ಚಿತ್ರ ಅಳಿಸಿಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಕಣ್ಣಿಗೆ ಕಂಡದ್ದು ಹೇಗೆ? ಕಣ್ಣಿನ ಹಿಂದೆ ಮಿದುಳಿದೆ. ಅದು ಮಂಕನ್ನು ಕಳೆದು, ಬೇಕಾದ ಬೆಟ್ಟವನ್ನು ಮಾತ್ರ ಹಿಡಿದು, ಅದಕ್ಕೆ ಮನಸ್ಸಿನಲ್ಲಿ ದೊಡ್ಡ ಜಾಗ ಕೊಡುತ್ತದೆ. ಕ್ಯಾಮೆರಾಕ್ಕೆ ಅಂಥ ಪಕ್ಷಪಾತವಿಲ್ಲ. ದೇವರಾಯನದುರ್ಗದ ಮೇಲೆ ನಿಂತು ಕೈ ಚಾಚಿ ಹೆಬ್ಬೆರಳನ್ನು ಅಡ್ಡ ಹಿಡಿದರೆ ಶಿವಗಂಗೆಯ ಎತ್ತರವೆಲ್ಲ ಅದರ ಹಿಂದೆ ಮರೆಯಾಗುತ್ತದೆ. ಅಗಲ ನೋಟದ ಮೊಬೈಲ್ ಮಸೂರದಲ್ಲಿ ಅದು ಇರುವೆಯಷ್ಟಾಗುತ್ತದೆ. ಇಂದಿನ ಮೊಬೈಲುಗಳು ಮಂಕು ತೆಗೆಯುವ ಲೆಕ್ಕಾಚಾರವನ್ನು ತಾವೇ ಮಾಡುತ್ತವೆ, ನಿಜ. ಆದರೆ ಅವು ಉಳಿದಿರುವ ವ್ಯತ್ಯಾಸವನ್ನು ಹಿಗ್ಗಿಸಬಲ್ಲವೇ ಹೊರತು, ಗಾಳಿಯಲ್ಲಿ ಕಳೆದುಹೋದ ವಿವರವನ್ನು ಮರಳಿ ತರಲಾರವು.

ಈ ತೊಡಕು ಹೊಸದೇನಲ್ಲ. ಸ್ಯಾಮ್ಯುಯೆಲ್ ಬೋರ್ನ್ ಎಂಬ ಆಂಗ್ಲ ಛಾಯಾಗ್ರಾಹಕ 1860ರ ದಶಕದಲ್ಲಿ ಸಿಮ್ಲಾದಿಂದ ಹಿಮಾಲಯದೊಳಕ್ಕೆ ತಿಂಗಳುಗಟ್ಟಲೆ ಕಾಲ್ನಡಿಗೆಯ ಯಾತ್ರೆಗಳನ್ನು ಕೈಗೊಂಡ. ಅಂದಿನ ವಿಧಾನದಲ್ಲಿ ಗಾಜಿನ ಫಲಕಕ್ಕೆ ಸ್ಥಳದಲ್ಲೇ ರಾಸಾಯನಿಕ ಬಳಿದು, ಅದು ಒಣಗುವ ಮುನ್ನವೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಕತ್ತಲ ಡೇರೆ, ಗಾಜು, ಸೀಸೆಗಳನ್ನು ಹೊರಲು ಹತ್ತಾರು ಕೂಲಿಗಳು ಬೇಕಾಗುತ್ತಿದ್ದರು. 1866ರಲ್ಲಿ ಆತ ಮಾನಿರಂಗ್ ಕಣಿವೆಮಾರ್ಗದಲ್ಲಿ 18,600 ಅಡಿ ಎತ್ತರದಲ್ಲಿ ಚಿತ್ರ ತೆಗೆದ. ಅಷ್ಟು ಎತ್ತರದಲ್ಲಿ ಮತ್ತೊಬ್ಬರು ಚಿತ್ರ ತೆಗೆಯಲು ಬಹಳ ವರ್ಷ ಹಿಡಿಯಿತು.

ಇನ್ನೊಂದು ಉದಾಹರಣೆ ಕ್ಯಾತ್ಸಂದ್ರದ ಹುಡುಗರಿಗೆ ಇನ್ನೂ ಹತ್ತಿರದ್ದು. 1927ರ ಏಪ್ರಿಲ್ 10ರಂದು ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ಆನ್ಸೆಲ್ ಆಡಮ್ಸ್ ಎಂಬ 25ರ ತರುಣ ಗೆಳೆಯರೊಂದಿಗೆ ಬೆಟ್ಟ ಹತ್ತಿದ. ಬೆನ್ನ ಮೇಲೆ ದೊಡ್ಡ ಕ್ಯಾಮೆರಾ, ಹನ್ನೆರಡು ಗಾಜಿನ ಫಲಕ. 'ಹಾಫ್ ಡೋಮ್' ಎಂಬ ಕಡಿದಾದ ಬಂಡೆಯ ಎದುರು ತಲುಪಿದಾಗ ನಡುಹಗಲು. ಬಂಡೆಯ ಮುಖವೆಲ್ಲ ನೆರಳಿನಲ್ಲಿತ್ತು. ಆತ ಸುಮಾರು ಎರಡು ಗಂಟೆ ಕಾಲ ಸುಮ್ಮನೆ ಕಾದ. ಸೂರ್ಯ ಪಕ್ಕಕ್ಕೆ ಹೊರಳಿ ಬಂಡೆಯ ಮೈಯನ್ನು ಓರೆಯಾಗಿ ಸವರಿದಾಗ ಉಳಿದಿದ್ದ ಎರಡೇ ಫಲಕಗಳಲ್ಲಿ ಒಂದನ್ನು ಹಳದಿ ಶೋಧಕ ಹಾಕಿ ಬಳಸಿದ. ಮನಸ್ಸಿಗೆ ಒಪ್ಪಲಿಲ್ಲ. ಕೊನೆಯದಕ್ಕೆ ಕಡುಗೆಂಪು ಶೋಧಕ ಹಾಕಿದ. ಕೆಂಪು ಗಾಜು ಆಕಾಶದ ನೀಲಿಯನ್ನು ತಡೆದದ್ದರಿಂದ ಕಪ್ಪು-ಬಿಳುಪು ಚಿತ್ರದಲ್ಲಿ ಆಕಾಶ ಕಪ್ಪಾಗಿ, ಬಂಡೆ ಎದ್ದು ನಿಂತಿತು. ಆ ಒಂದು ಚಿತ್ರ ಆತನ ಜೀವನದ ದಿಕ್ಕನ್ನೇ ಬದಲಿಸಿತು.

ಹಾಫ್ ಡೋಮ್ ಗ್ರಾನೈಟ್ ಜಾತಿಯ ಬಂಡೆ. ವಯಸ್ಸು ಸುಮಾರು 9 ಕೋಟಿ ವರ್ಷ. ದೇವರಾಯನದುರ್ಗ, ಶಿವಗಂಗೆ, ಮಧುಗಿರಿಗಳ ಬಂಡೆಯೂ ಗ್ರಾನೈಟೇ. ರಾಮನಗರದ ಹಳೆಯ ಹೆಸರಿನಿಂದ 'ಕ್ಲೋಸ್‌ಪೇಟ್ ಗ್ರಾನೈಟ್' ಎಂದು ಭೂವಿಜ್ಞಾನಿಗಳು ಕರೆಯುವ, ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರು ಚಾಚಿದ ಶಿಲಾಪಟ್ಟಿಗೆ ಇವು ಸೇರಿವೆ. ಇವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಯೊಸೆಮಿಟಿಯ ಬಂಡೆ ಇವುಗಳ ಮುಂದೆ ಮೊಮ್ಮಗುವಿದ್ದಂತೆ. ಕಲ್ಲಿನಲ್ಲಿ ಕೊರತೆಯಿಲ್ಲ, ಕಾಯುವುದರಲ್ಲಿ ಮಾತ್ರ ಕೊರತೆ.

ಕ್ಯಾತ್ಸಂದ್ರದ ಚಾರಣಿಗ ಇದರಿಂದ ಕಲಿಯಬೇಕಾದದ್ದೇನು? ಭೂಪಟ ಬಿಡಿಸಿ ನೋಡಿದರೆ ಉತ್ತರ ಸಿಗುತ್ತದೆ. ದೇವರಾಯನದುರ್ಗ ಇರುವುದು ಕ್ಯಾತ್ಸಂದ್ರದ ಈಶಾನ್ಯಕ್ಕೆ. ಬೆಳಿಗ್ಗೆ ಅತ್ತ ನಡೆಯುವವನ ಮುಖಕ್ಕೆ ಸೂರ್ಯ. ಬೆಟ್ಟ ಬರಿಯ ಕಪ್ಪು ಆಕೃತಿ. ಅದೇ ಸಂಜೆ ನಾಲ್ಕೂವರೆಯ ನಂತರ ಬೆಟ್ಟದ ಈ ಮಗ್ಗುಲಿಗೆ ಪಡುವಣದ ಹೊಂಬಿಸಿಲು ಬೀಳುತ್ತದೆ. ಬಂಡೆಯ ಒಂದೊಂದು ಪದರವೂ ಎಣಿಸುವಂತೆ ಕಾಣುತ್ತದೆ. ಆದ್ದರಿಂದ ಬೆಟ್ಟಕ್ಕೆ ನಡೆಯುವುದಕ್ಕಿಂತ ಬೆಟ್ಟದಿಂದ ನಡೆಯುವುದು ಲೇಸು. ಹಿಂದಿನ ದಿನ ಸಂಜೆ ವಾಹನದಲ್ಲಿ ಹೋಗಿ, ಬುಡದಲ್ಲಿ ಇಳಿದು ಬೆಟ್ಟದ ಚಿತ್ರ ತೆಗೆದು, ಕತ್ತಲಾಗುವ ಮುನ್ನ ಮೇಲಿನ ವಸತಿ ಸೇರಿಕೊಳ್ಳಬೇಕು. ಕಾಡಿನಲ್ಲಿ ಚಿರತೆ, ಕರಡಿಗಳಿರುವುದರಿಂದ ಮುಸ್ಸಂಜೆಯ ಮೇಲೆ ದಾರಿಯಲ್ಲಿ ಅಲೆಯುವುದು ಸಲ್ಲದು.

ಮರುದಿನ ಸೂರ್ಯೋದಯಕ್ಕೆ ತುದಿಯಲ್ಲಿ ನಿಂತರೆ ಶಿವಗಂಗೆ ಹೆಚ್ಚು ಕಡಿಮೆ ನೇರ ದಕ್ಷಿಣಕ್ಕಿರುತ್ತದೆ. ಸೂರ್ಯ ಪೂರ್ವಕ್ಕೆ. ಅಂದರೆ ಬೆಳಕು ಪಕ್ಕದಿಂದ ಬರುತ್ತದೆ, ನೆರಳು ತಾನಾಗಿ ಸಿಗುತ್ತದೆ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಸೂರ್ಯನ ದಿಕ್ಕಿಗೆ 90 ಡಿಗ್ರಿಯಲ್ಲಿ ಗಾಳಿಯಿಂದ ಚದುರಿ ಬರುವ ಬೆಳಕು ಬಹುಪಾಲು ಧ್ರುವೀಕೃತವಾಗಿರುತ್ತದೆ. ಧ್ರುವೀಕರಣ ಶೋಧಕವನ್ನು ಮಸೂರದ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿದರೆ ಒಂದು ಹಂತದಲ್ಲಿ ಆ ಬೆಳಕು ಕಡಿತಗೊಂಡು ನೀಲಿ ಗಾಢವಾಗುತ್ತದೆ, ದೂರದ ಬೆಟ್ಟ ಸ್ಪಷ್ಟವಾಗುತ್ತದೆ. ಶೋಧಕ ಇಲ್ಲದವರು ಧ್ರುವೀಕೃತ ತಂಪು ಕನ್ನಡಕದ ಗಾಜನ್ನು ಮೊಬೈಲಿನ ಮುಂದೆ ಹಿಡಿದು ಪರೀಕ್ಷಿಸಬಹುದು. ತೋರುಬೆರಳನ್ನು ಸೂರ್ಯನತ್ತ ಚಾಚಿ ಹೆಬ್ಬೆರಳನ್ನು ಲಂಬವಾಗಿ ತೆರೆದರೆ, ಹೆಬ್ಬೆರಳು ತೋರುವ ದಿಕ್ಕಿನಲ್ಲಿ ಶೋಧಕದ ಫಲ ಹೆಚ್ಚು. ಧೂಳಿನ ಬಿಳಿ ಮಂಕಿಗೆ ಮಾತ್ರ ಇದು ಪೂರ್ಣ ಮದ್ದಲ್ಲ. ಅದಕ್ಕೆ ಮದ್ದು ಮಳೆ. ಏಪ್ರಿಲಿನಲ್ಲಿ ಒಂದು ಒಳ್ಳೆಯ ಮಳೆ ಬಿದ್ದ ಮರುದಿನದ ಬೆಳಗನ್ನು ಯಾರೂ ಕಳೆದುಕೊಳ್ಳಬಾರದು, ಗಾಳಿ ತೊಳೆದಿಟ್ಟಂತಿರುತ್ತದೆ.

ಚಿತ್ರ ತೆಗೆಯುವಾಗ ಬೆಳಕಿನ ಅಳತೆಯನ್ನು ಬಿಸಿಲು ಬಿದ್ದ ಬಂಡೆಯ ಮೇಲೆ ಮಾಡಬೇಕು, ಕಪ್ಪಾದ ಕಾಡಿನ ಮೇಲಲ್ಲ. ಮೊಬೈಲಿನಲ್ಲಾದರೆ ಪರದೆಯ ಮೇಲೆ ಬಂಡೆಯನ್ನು ಮುಟ್ಟಿದರಾಯಿತು. ಕಪ್ಪಾದ ಭಾಗವನ್ನು ಆಮೇಲೆ ಸ್ವಲ್ಪ ತಿಳಿಗೊಳಿಸಬಹುದು. ಪೂರ್ತಿ ಬಿಳಿಚಿಹೋದದ್ದು ಮರಳಿ ಬಾರದು. ಅಂಚಿಗೆ ಹೋಗಿ ಬೆನ್ನು ತಿರುಗಿಸಿ ತಮ್ಮದೇ ಚಿತ್ರ ತೆಗೆದುಕೊಳ್ಳುವ ಚಪಲ ಬೇಡ. ನಮ್ಮ ಬಂಡೆಗಳು ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಕಳಚುತ್ತವೆ. ಸಡಿಲವಾದ ಪದರ ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಒಣಹುಲ್ಲಿನ ಈ ಕಾಲದಲ್ಲಿ ಒಂದು ಬೀಡಿಯ ತುಂಡು ಇಡೀ ಗುಡ್ಡವನ್ನು ಸುಡಬಲ್ಲದು ಎಂಬ ಎಚ್ಚರವೂ ಇರಲಿ.

ಬೆಳಿಗ್ಗೆ ಏಳಕ್ಕೆ ಇಳಿಯತೊಡಗಿದರೆ ದಾರಿಯುದ್ದಕ್ಕೂ ಸೂರ್ಯ ಬೆನ್ನ ಹಿಂದೆ. ನಾಮದ ಚಿಲುಮೆಯಲ್ಲಿ ಕೊಂಚ ವಿಶ್ರಾಂತಿ. ಬಿಸಿಲು ನೆತ್ತಿಗೇರುವ ಮುನ್ನ ಕ್ಯಾತ್ಸಂದ್ರ. ಹೊರಡುವಾಗ ತಿನ್ನಬೇಕೆಂದಿದ್ದ ತಟ್ಟೆ ಇಡ್ಲಿಯನ್ನು ಬಂದ ಮೇಲೆ ತಿಂದರಾಯಿತು. ನಡೆದು ಬಂದವನಿಗೆ ಅದರ ರುಚಿಯೂ ಹೆಚ್ಚು.

ಕೊನೆಯದಾಗಿ ಒಂದು ಮಾತು. ಬೋರ್ನ್ 1866ರಲ್ಲಿ ಗಂಗೋತ್ರಿ ಹಿಮನದಿಯ ಚಿತ್ರವನ್ನೂ ತೆಗೆದಿದ್ದ. ಆತನಿಗೆ ಬೇಕಿದ್ದದ್ದು ಸುಂದರ ದೃಶ್ಯ ಮಾತ್ರ. ಆದರೆ ಆ ಹಿಮನದಿಯ ಮೂತಿ ಈಗ ಬಹಳ ಹಿಂದೆ ಸರಿದಿದೆ. ಅಂಥ ಹಳೆಯ ಚಿತ್ರಗಳು ವಿಜ್ಞಾನಕ್ಕೆ ಸಾಕ್ಷಿಯಾಗುತ್ತವೆ. ತುಮಕೂರು ಜಿಲ್ಲೆಯಲ್ಲಿಯೂ ಕಲ್ಲಿನ ಆಸೆಗೆ ಕರಗುತ್ತಿರುವ ಗುಡ್ಡಗಳಿವೆ, ಬೇಸಿಗೆಯ ಬೆಂಕಿಗೆ ಬೋಳಾಗುವ ಇಳಿಜಾರುಗಳಿವೆ. ದೇವರಾಯನದುರ್ಗದ ಈ ಗುಡ್ಡಗಳಲ್ಲೇ ಶಿಂಷಾ, ಜಯಮಂಗಲಿ ನದಿಗಳು ಹುಟ್ಟುತ್ತವೆ. ನೂರು ಚಿತ್ರಗಳ ನಡುವೆ ಒಂದನ್ನು ಮಾತ್ರ ಪ್ರತಿ ವರ್ಷವೂ ಅದೇ ಬಂಡೆಯ ಮೇಲೆ ನಿಂತು, ಅದೇ ದಿಕ್ಕಿಗೆ, ಅದೇ ತಿಂಗಳು, ಅದೇ ಹೊತ್ತಿಗೆ ತೆಗೆದು, ಹಿಂದೆ ತಾರೀಖು ಬರೆದಿಟ್ಟರೆ ಸಾಕು. ಹತ್ತು ವರ್ಷದ ಹತ್ತು ಚಿತ್ರಗಳನ್ನು ಸಾಲಾಗಿ ಜೋಡಿಸಿದಾಗ ಕಾಡು ಬೆಳೆಯಿತೋ, ಬೆಟ್ಟ ಸವೆಯಿತೋ ಎಂಬ ಪ್ರಶ್ನೆಗೆ ಯಾರ ಮಾತನ್ನೂ ನಂಬಬೇಕಾಗಿಲ್ಲ, ಚಿತ್ರವೇ ಹೇಳುತ್ತದೆ.