ಮೈ ಬಂತು ಅಂತ ಗುಳಿಗೆ ಬಿಡಬೇಡಿ ಎಂದು ಕನ್ನಡದಾಗ ಹೇಳೋರು ಯಾರು?

ಈ ಪುಟದಲ್ಲಿ ನಾವು ಹೆಚ್ಚಾಗಿ ಕನ್ನಡ ಶಾಲೆ, ಶಿಕ್ಷಕರ ಹುದ್ದೆ, ಊರಿನ ಬೋರ್ಡು ಅಂತ ಬರೀತೀವಿ. ಇವತ್ತು ದವಾಖಾನೆ ಮಾತು. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ನಮ್ಮ ಹಳ್ಳಿಗಳಲ್ಲಿ ಎಚ್‌ಐವಿ ಗುಳಿಗೆ ತಗೊಳ್ಳುವವರು ಇದ್ದಾರೆ. ಇತ್ತ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಅತ್ತ ಸಾಂಗ್ಲಿ, ಸೊಲ್ಲಾಪುರ, ಈ ಪಟ್ಟಿಯಲ್ಲಿ ಸೋಂಕು ಜಾಸ್ತಿ ಅನ್ನೋದು ಹೊಸ ಸುದ್ದಿಯಲ್ಲ. ಯಾರು, ಯಾವ ಮನೆ ಅಂತ ಹುಡುಕೋದು ನಮ್ಮ ಕೆಲಸವೂ ಅಲ್ಲ.

ಸರ್ಕಾರ 2004ರ ಏಪ್ರಿಲ್‌ನಿಂದ ಪುಕ್ಕಟೆ ಗುಳಿಗೆ ಕೊಡಲು ಶುರು ಮಾಡಿತು. ಅದಕ್ಕೂ ಮೊದಲು ನಮ್ಮ ಕಡೆ ಈ ರೋಗದ ಗುರುತು ಅಂದ್ರೆ ಸೊರಗೋದು. ಕೆನ್ನೆ ಒಳಗೆ ಹೋಯ್ತು ಅಂದ್ರೆ ಓಣಿಯಲ್ಲಿ ಗುಸುಗುಸು. ಹಂಗಾಗಿ ಗುಳಿಗೆ ತಗೊಂಡ ಮೇಲೆ ಮೈ ಬಂದರೆ ಮನೆಯವರಿಗೆ ಹಬ್ಬ. ಹಾಲು ಕುಡಿ, ತತ್ತಿ ತಿನ್ನು, ಶೇಂಗಾ ಉಂಡಿ ತಿನ್ನು ಅಂತ ತಿನ್ನಿಸಿದ್ದೇ ತಿನ್ನಿಸಿದ್ದು.

ಈಗ ಬಹುತೇಕರಿಗೆ ಸಿಗೋದು ಟಿಎಲ್‌ಡಿ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್, ಮೂರೂ ಸೇರಿ ದಿನಕ್ಕೆ ಒಂದೇ ಗುಳಿಗೆ. ಒಳ್ಳೆ ಔಷಧ. ಹಳೆಯ ಎಫಾವಿರೆಂಜ್ ತಗೊಂಡವರಿಗೆ ಗೊತ್ತು, ತಲೆ ತಿರುಗೋದು, ಕೆಟ್ಟ ಕನಸು. ಇದರಲ್ಲಿ ಆ ಕಾಟ ಕಡಿಮೆ. ಆದರೆ ಕೆಲವರಿಗೆ ತೂಕ ಏರುತ್ತದೆ. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ 1053 ಜನರ ಮೇಲೆ ನಡೆದ ಅಡ್ವಾನ್ಸ್ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ನಮ್ಮ ಗುಳಿಗೆಗೆ ಹತ್ತಿರದ ಔಷಧ ತಗೊಂಡವರ ತೂಕ 48 ವಾರಗಳಲ್ಲಿ ಸರಾಸರಿ ಸುಮಾರು 3 ಕೆಜಿ ಏರಿತ್ತು, ಎಫಾವಿರೆಂಜ್ ತಗೊಂಡವರದ್ದು ಅದಕ್ಕಿಂತ ಕಡಿಮೆ. ಹೆಣ್ಣುಮಕ್ಕಳಲ್ಲಿ ಹೆಚ್ಚು. ಇದರಲ್ಲಿ ಒಂದು ಪಾಲು ಸೊರಗಿದ ದೇಹ ಮೊದಲಿನಂತಾಗೋದು, ಅದು ಬೇಕಾದದ್ದೇ. ಸರಾಸರಿ ಅಂದ್ರೆ ಒಬ್ಬರಿಗೆ ಏನೂ ಏರಿಲ್ಲ, ಇನ್ನೊಬ್ಬರಿಗೆ ಎಂಟು ಹತ್ತು ಕೆಜಿ ಏರಿದ್ದೂ ಇರಬಹುದು.

ತೊಡಕು ಇಲ್ಲೇ. ಕುಪ್ಪಸ ಬಿಗಿಯಾಯ್ತು, ಮೊಣಕಾಲು ನೋವು, "ಭಾಳ ಮೈ ಬಂದೀಯಲ್ಲವಾ, ಏನ್ ತಿಂತೀ" ಅಂತ ಮಂದಿ ಕೇಳ್ತಾರ. ಗುಳಿಗೆಯಿಂದ ಅಂತ ಹೇಳಂಗಿಲ್ಲ. ಒಂದು ದಿನ ಬಿಟ್ಟು ಒಂದು ದಿನ ನುಂಗಿದರಾಯ್ತು ಅಂತ ತಾವೇ ತೀರ್ಮಾನ ಮಾಡ್ತಾರೆ. ಗಂಡಸರಲ್ಲಿ ಉಲ್ಟಾ ಲೆಕ್ಕ: "ಮೈ ಬಂತು, ರೋಗ ಹೋಯ್ತು" ಅಂತ ಪೂರ್ತಿ ನಿಲ್ಲಿಸೋದು. ಎರಡೂ ಒಂದೇ ಹಳ್ಳಕ್ಕೆ ಬೀಳೋ ದಾರಿ. ಗುಳಿಗೆ ನಿಂತರೆ ರಕ್ತದಲ್ಲಿ ವೈರಸ್ ಮತ್ತೆ ಬೆಳೆಯುತ್ತದೆ, ಟಿಬಿ ಕಾದು ಕೂತಿರುತ್ತದೆ, ಔಷಧಕ್ಕೆ ವೈರಸ್ ಬಗ್ಗದಂತಾಗುವ ಅಪಾಯವೂ ಇದೆ. ತಪ್ಪದೆ ನುಂಗಿ ವೈರಲ್ ಲೋಡ್ ಸಿಗದಷ್ಟು ಇಳಿದು ಹಾಗೇ ಇದ್ದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಸೋಂಕು ಹೋಗುವುದಿಲ್ಲ. ಇಷ್ಟು ದೊಡ್ಡ ಲಾಭವನ್ನ ಮೂರು ಕೆಜಿಗೆ ಮಾರಿಕೊಳ್ಳೋದಾ?

ಇದನ್ನೆಲ್ಲ ಏಆರ್‌ಟಿ ಸೆಂಟರ್‌ನಲ್ಲಿ ಕೌನ್ಸೆಲರ್ ಹೇಳಬೇಕು. ಹೇಳ್ತಾರೆ, ಮರಾಠಿಯಲ್ಲಿ. ಅವರನ್ನ ದೂರೋದಿಲ್ಲ, ಅವರಿಗೆ ಬರೋ ಭಾಷೆ ಅದು. ಆದರೆ ಸಂತೆಯಲ್ಲಿ ಉಳ್ಳಾಗಡ್ಡಿ ರೇಟು ಕೇಳೋ ಮರಾಠಿ ಬೇರೆ, ಮೈಯೊಳಗಿನ ಸಂಗತಿ ಕೇಳೋ ಮರಾಠಿ ಬೇರೆ. ಬ್ಯಾಂಕಿನ ಕೌಂಟರ್‌ನಲ್ಲಿ ಕೂಡೋ ನಮ್ಮಂಥವರು ದಿನಾ ನೋಡ್ತೀವಿ. ಫಾರ್ಮ್ ಮುಂದಿಟ್ಟರೆ ಹೂಂ ಹೂಂ ಅಂತಾರೆ, ಹೆಬ್ಬೆಟ್ಟು ಒತ್ತುತಾರೆ, ಹೊರಗೆ ಹೋಗಿ ಮಗನ್ನ ಕೇಳ್ತಾರೆ ಏನ್ ಬರದಿತ್ತಪ್ಪಾ ಅಂತ. ಸಾಲದ ಫಾರ್ಮ್ ಆದರೆ ಮಗನ್ನ ಕೇಳಬಹುದು. ಇದನ್ನ ಯಾರಿಗೆ ಕೇಳೋದು? ಮರಾಠಿ ಬರೋ ಅಳಿಯನನ್ನ ಜೊತೆಗೆ ಕರಕೊಂಡು ಹೋದರೆ ಗುಟ್ಟು ಅಲ್ಲಿಗೇ ಮುಗೀತು. (ರಾಯದುರ್ಗ, ಮಡಕಶಿರಾ, ಆದೋನಿಯವರು ಮರಾಠಿ ಇದ್ದಲ್ಲಿ ತೆಲುಗು ಅಂತ ಓದಿಕೊಳ್ಳಿ.)

2017ರ ಎಚ್‌ಐವಿ-ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಚಿಕಿತ್ಸೆಗೆ ರೋಗಿಯ ಒಪ್ಪಿಗೆ ಬೇಕು, ಒಪ್ಪಿಗೆಗೆ ಮುಂಚೆ ಲಾಭ, ಅಪಾಯ ಎಲ್ಲವನ್ನೂ ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ಹೇಳಿರಬೇಕು. ಅಂದರೆ ಕನ್ನಡ ಕೇಳೋದು ಇಲ್ಲಿ ಅಭಿಮಾನದ ಮಾತಲ್ಲ, ಕಾಯ್ದೆಯ ಮಾತು. ಸಂವಿಧಾನದ 350ನೇ ವಿಧಿ ಪ್ರಕಾರ ಅಹವಾಲನ್ನ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಕೊಡಬಹುದು. ಜಿಲ್ಲೆಯ ಏಡ್ಸ್ ನಿಯಂತ್ರಣ ಕಚೇರಿಗೆ, ಮುಂಬೈಯ ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಗೆ ನಾವು ಕನ್ನಡದಲ್ಲೇ ಅರ್ಜಿ ಹಾಕೋಣ, ಜೊತೆಗೊಂದು ಮರಾಠಿ ಪ್ರತಿ ಇಡೋಣ, ಇಲ್ಲದಿದ್ದರೆ ಫೈಲು ಅಲ್ಲೇ ಕೊಳೀತದೆ. ಕೇಳಬೇಕಾದ್ದು ಕನ್ನಡ ಬರೋ ಒಬ್ಬ ಕೌನ್ಸೆಲರ್, ಅದು ಆಗೋವರೆಗೆ ಕನ್ನಡದ ಒಂದು ಹಾಳೆ.

ಹಾಳೆಯಲ್ಲಿ ಏನಿರಬೇಕು? ತೂಕ ಏರಿದರೆ ಗುಳಿಗೆ ಬಿಡಬೇಡಿ, ಡಾಕ್ಟರಿಗೆ ಹೇಳಿ, ಪ್ರತಿ ಸಲ ತೂಕ ಹಾಕಿಸಿ ಹಸಿರು ಪುಸ್ತಕದಲ್ಲಿ ಬರೆಸಿ. ಬಿಪಿ, ಶುಗರ್ ನೋಡಿಸಿ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳೋರು ಅದನ್ನ ಏಆರ್‌ಟಿ ಡಾಕ್ಟರಿಗೆ ತಪ್ಪದೇ ಹೇಳಬೇಕು. ಡೊಲುಟೆಗ್ರಾವಿರ್ ಜೊತೆಗೆ ಮೆಟ್‌ಫಾರ್ಮಿನ್ ಪ್ರಮಾಣ ರಕ್ತದಲ್ಲಿ ಹೆಚ್ಚುತ್ತದೆ, ದಿನಕ್ಕೆ 1000 ಮಿಲಿಗ್ರಾಂ ಮೀರಬಾರದು ಅನ್ನುತ್ತಾರೆ. ವಾಟ್ಸಾಪ್‌ನಲ್ಲಿ ಬರೋ ತೂಕ ಇಳಿಸೋ ಪೌಡರ್ ಕೇಳದೆ ತಗೋಬೇಡಿ. ಅದರಲ್ಲಿ ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್ ಇದ್ದರೆ ಗುಳಿಗೆ ಸರಿಯಾಗಿ ರಕ್ತಕ್ಕೆ ಸೇರೋದಿಲ್ಲ. ಆ್ಯಸಿಡಿಟಿ ಔಷಧ ಬೇಕಾದರೆ ಗುಳಿಗೆ ನುಂಗಿ ಎರಡು ತಾಸಿನ ಮೇಲೆ, ಇಲ್ಲಾ ಗುಳಿಗೆಗಿಂತ ಆರು ತಾಸು ಮುಂಚೆ. ಚಹಾದ ಸಕ್ಕರೆ ಕಡಿಮೆ ಮಾಡಿ, ಭಜಿ ಸಂತೆ ದಿನಕ್ಕೆ ಸಾಕು, ಜೋಳದ ರೊಟ್ಟಿ ಕಾಯಿಪಲ್ಲೆ ಬಿಡಬೇಡಿ. ಕೆಳಗೆ 1097, ಪುಕ್ಕಟೆ ಸಹಾಯವಾಣಿ. ಕರೆ ಮಾಡಿದಾಗ ಕನ್ನಡದವರು ಬೇಕು ಅಂತ ಕೇಳಿ.

ಹಾಳೆ ಬರೆಯೋಕೆ ನಾವು ತಯಾರು. ಅಚ್ಚಿಗೆ ಮುಂಚೆ ಒಬ್ಬ ಡಾಕ್ಟರು ತಿದ್ದಿಕೊಡಬೇಕು, ನಿಮ್ಮ ಊರಿನವರು ಯಾರಾದರೂ ಮೆಡಿಕಲ್ ಓದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ದಸರಾ ಆದ ಮೇಲೆ ಕಬ್ಬು ಕಡಿಯೋ ಗ್ಯಾಂಗುಗಳು ಐದಾರು ತಿಂಗಳಿಗೆ ಹೊರಡತಾವೆ. ಹಾಳೆ ಅದಕ್ಕೂ ಮೊದಲು ಕೈಗೆ ಸಿಗಬೇಕು.